ಲಾಭ, ಎರಡು, ಮೂರು

ಎಣಿಕೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ನಾಲ್ಕು ವರ್ಷ ಒಂದು ಧಾನ್ಯದ ಗೋದಾಮಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಲಾರಿಯಿಂದ ಇಳಿಯುವ ಮೂಟೆಗಳನ್ನು ಎಣಿಸಿದವರು. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ಮುಂದೆ ಹಾದಂತೆಲ್ಲ ಇವರು ಗಟ್ಟಿಯಾಗಿ ಒಂದೊಂದು ಅಂಕಿ ಕೂಗಬೇಕು. ಆ ಅಂಕಿ ಇವರ ಬಾಯಿಂದ ಬಿದ್ದ ಮೇಲೆ ಲಾರಿಯವನೂ ತಕರಾರು ಎತ್ತುವಂತಿಲ್ಲ, ಮಾಲೀಕನೂ ಎತ್ತುವಂತಿಲ್ಲ. ಅಷ್ಟು ದೊಡ್ಡ ಅಧಿಕಾರ ಅಷ್ಟು ಚಿಕ್ಕ ಸ್ಟೂಲಿನ ಮೇಲೆ ಕೂತಿರುವುದನ್ನು ಕಂಡು ಹಮಾಲರೇ ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಸಿಟ್ಟು ಬಂದ ದಿನ ಹೆಂಡತಿಯೂ ಹಾಗೇ ಕರೆಯುತ್ತಿದ್ದರು.

ಅವರ ಎಣಿಕೆಗೆ ಒಂದು ಕ್ರಮವಿತ್ತು. ಮೊದಲ ಮೂಟೆಗೆ ಅವರು 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಅಳೆಯುವವರ, ಎಣಿಸುವವರ ಹಳೆಯ ಬಾಯಿರೂಢಿ ಅದು. ಕೆಲಸದ ಶುರುವಿಗೇ ಒಳ್ಳೆಯ ಮಾತು ಬೀಳಲಿ ಎಂದು. ಲಾಭ, ಎರಡು, ಮೂರು, ನಾಲ್ಕು. ರೂಢಿ ನಾಲಿಗೆಯಿಂದ ಮನೆಯವರೆಗೂ ಬಂದಿತ್ತು. ಮೆಟ್ಟಿಲು ಹತ್ತಿದರೂ ಲಾಭ, ಎರಡು. ಮಾತ್ರೆ ನುಂಗಿದರೂ ಲಾಭ, ಎರಡು. ಒಬ್ಬಳೇ ಮಗಳಿಗೆ ಎಣಿಸಲು ಕಲಿಸಿದ್ದೂ ಹಾಗೆಯೇ. ಆ ಮಗು ಶಾಲೆಗೆ ಸೇರಿದ ಮೊದಲ ದಿನ ಬೆರಳು ಮಡಚಿ 'ಲಾಭ' ಎಂದು ಶುರುಮಾಡಿ, ಇಡೀ ತರಗತಿಯನ್ನು ನಗಿಸಿ, ತಾನು ಅಳುತ್ತ ಮನೆಗೆ ಬಂದಿತ್ತು. ಮೇಷ್ಟ್ರು ಆಗ ಹೇಳಿದ್ದು ಇಷ್ಟೇ: "ಅಳಬೇಡ ಪುಟ್ಟಿ. ಅವರಿಗೆ ಒಂದು ಬರುತ್ತೆ, ನಿನಗೆ ಎರಡೂ ಬರುತ್ತೆ."

ಆಮೇಲೆ ಗೋದಾಮಿಗೆ ಕೆಂಪು ಕಣ್ಣಿನ ಯಂತ್ರ ಬಂತು. ಮೂಟೆಗೆ ಅಂಟಿಸಿದ ಚೀಟಿಯ ಮುಂದೆ ಹಿಡಿದರೆ ಪೀಂ ಎನ್ನುತ್ತಿತ್ತು, ಅಷ್ಟೇ ಅದರ ಎಣಿಕೆ. ಮೇಷ್ಟ್ರಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಮನೆಗೆ ಕಳಿಸಿದರು. ಗಡಿಯಾರ ಗಂಟೆ ಹೊಡೆದಾಗಲೆಲ್ಲ ಮೇಷ್ಟ್ರು ಹೊಡೆತ ಎಣಿಸಿ, ಸರಿಯಾಗಿದೆಯೇ ಎಂದು ಮುಳ್ಳು ನೋಡುತ್ತಿದ್ದರು. ಬೇರೆ ಎಣಿಸುವುದಕ್ಕೇನೂ ಇರಲಿಲ್ಲ. ಮನುಷ್ಯನಿಗೆ ಕೆಲಸ ಹೋದರೆ ತಡೆದುಕೊಳ್ಳಬಹುದು, ಮಾತಿನ ತೂಕ ಹೋದರೆ ಕಷ್ಟ. ಮೇಷ್ಟ್ರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಊಟ ಅರ್ಧವಾಯಿತು. ವರ್ಷ ಕಳೆಯುವುದರೊಳಗೆ ಮಾಲೀಕ ಊರಾಚೆ ದೊಡ್ಡ ಗೋದಾಮು ಕಟ್ಟಿಕೊಂಡು ಹೋದ. ಹಳೆಯದಕ್ಕೆ ಬೀಗ ಬಿತ್ತು. ನಂಬಿಕಸ್ಥ ಎಂಬ ಒಂದೇ ಕಾರಣಕ್ಕೆ ಬೀಗದ ಕೈ ಮೇಷ್ಟ್ರ ಬಳಿಯೇ ಉಳಿಯಿತು.

ಆ ಬೀಗದ ಕೈಯಿಂದಲೇ ಈ ಕಥೆ ಶುರುವಾದದ್ದು.

ಮಗಳು ಬೆಳೆದು ಫ್ರಿಜ್ಜು, ವಾಷಿಂಗ್ ಮಷೀನು ರಿಪೇರಿ ಮಾಡುವವಳಾಗಿದ್ದಳು. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಿಂದ ವಾಷಿಂಗ್ ಮಷೀನನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದಳು. ಮನೆಯವರು ಬಾಗಿಲ ಸಂದಿಯಿಂದ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಈ ತೋಳ್ಬಲ ಸುಮ್ಮನೆ ವಾಷಿಂಗ್ ಮಷೀನಿನ ಪಾಲಾಗುವುದು ಅವಳಿಗೆ ಇಷ್ಟವಿರಲಿಲ್ಲ. ಇಂಟರ್ನೆಟ್ಟಿನಲ್ಲಿ ವಾರಕ್ಕೊಂದು ಕುಸ್ತಿಯ ಆಟ ತೋರಿಸಬೇಕು ಎಂಬ ಹುಚ್ಚು ಹಿಡಿದಿತ್ತು. ಪದಕದ ಕುಸ್ತಿಯಲ್ಲ, ವೇಷ ಹಾಕಿಕೊಂಡು, ಅಬ್ಬರಿಸಿ, ಎತ್ತಿ ಕುಕ್ಕುವ ಆಟದ ಕುಸ್ತಿ. ಅದರಲ್ಲಿ ಯಾರು ಗೆಲ್ಲಬೇಕು ಎಂಬುದು ಮೊದಲೇ ನಿಶ್ಚಯ. ಸಿಟ್ಟು ಸುಳ್ಳು, ಬೀಳುವುದು ಮಾತ್ರ ನಿಜ.

ಜೊತೆಗೆ ಇಬ್ಬರು ಸಿಕ್ಕರು. ಒಬ್ಬ ಬೀದಿ ಕೊನೆಯ ಬೇಕರಿಯವನು. ನೂರಾ ಹತ್ತು ಕಿಲೋದ ಆಸಾಮಿ, ಆಟದಲ್ಲಿ ಅವನ ಹೆಸರು ಬಂಡೆ. ನೋಡಿದರೆ ರಾಕ್ಷಸ, ಮುಟ್ಟಿದರೆ ಬೆಣ್ಣೆ, ಯಾರನ್ನಾದರೂ ನೆಲಕ್ಕೆ ಕೆಡವಿದ ಮರುಕ್ಷಣವೇ ಕಿವಿಯಲ್ಲಿ "ನೋವಾಯ್ತಾ?" ಎಂದು ಕೇಳುವವನು. ಇನ್ನೊಬ್ಬ ಕ್ಷೌರಿಕ. ತನ್ನ ತಲೆಯ ಮೇಲೇ ನಾಲ್ಕು ಬಣ್ಣ ಪ್ರಯೋಗ ಮಾಡಿಕೊಂಡಿದ್ದರಿಂದ ಅವನು ನವಿಲು. ಮಗಳು ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಗರಗರ ತಿರುಗಿಸುತ್ತಿದ್ದಳು, ಹಾಗಾಗಿ ಅವಳು ಬುಗುರಿ. ಲಾಡ್ಜಿನವರು ಎಸೆದ ಹಾಸಿಗೆ ಹಾಸಿ, ನಾಲ್ಕು ಮೂಲೆಗೆ ನೀರಿನ ಪೈಪು ನೆಟ್ಟು, ಲಾರಿಯ ಹಗ್ಗ ಬಿಗಿದು, ಗೋದಾಮಿನ ನಡುವೆ ಅಖಾಡ ಕಟ್ಟಿದರು. ಮಾಲೀಕನ ಒಪ್ಪಿಗೆ ತಂದುಕೊಟ್ಟವರು ಮೇಷ್ಟ್ರೇ. ಮಗಳು ಕೇಳಿದಳು, ಅವರು ಇಲ್ಲವೆನ್ನಲಾರದೆ ಹೋದರು.

ಮೊದಲ ಭಾನುವಾರ ಬೆಳಗ್ಗೆ ಮೇಷ್ಟ್ರು ಬಾಗಿಲು ತೆಗೆಯಲು ಹೋದವರು, ಹೆಂಡತಿ ಎಲ್ಲರಿಗೂ ಕುಡಿಯಲು ನೀರು ತಂದವರು. ನೋಡಿದರೆ ರೆಫ್ರಿಯಾಗಬೇಕಿದ್ದ ಔಷಧಿ ಅಂಗಡಿಯವನಿಗೆ ಹಲ್ಲುನೋವು, ಬಂದಿಲ್ಲ.

"ಅಪ್ಪಾ, ನೀವೇ ನಿಂತ್ಕೊಳ್ಳಿ," ಎಂದಳು ಮಗಳು. "ಕೆಳಗೆ ಬಿದ್ದವರ ಎರಡೂ ಭುಜ ನೆಲಕ್ಕೆ ತಾಗಿದ್ರೆ, ನೆಲ ತಟ್ಟಿ ಮೂರರವರೆಗೆ ಎಣಿಸಬೇಕು. ಮೂರಾದ್ರೆ ಅವರು ಸೋತ ಹಾಗೆ. ಮಧ್ಯದಲ್ಲಿ ಭುಜ ಎದ್ರೆ ನಿಲ್ಲಿಸಬೇಕು. ಅಷ್ಟೇ."

"ಎಣಿಸೋದನ್ನ ನನಗೆ ಹೇಳಿಕೊಡ್ತೀಯಾ?" ಎಂದರು ಮೇಷ್ಟ್ರು.

ಹೇಳಿಕೊಡಬೇಕಿತ್ತು. ಅವಸರದಲ್ಲಿ ಅವಳೂ ಮರೆತಳು. ನವಿಲು ಗೆಲ್ಲಬೇಕೆಂದು ನಿಶ್ಚಯವಾಗಿತ್ತು. ಬಂಡೆ ಅವನ ಮೇಲೆ ಬೀಳುವುದು. 'ಒಂದು' ಕೇಳಿದಾಗ ನವಿಲು ಉಸಿರು ಎಳೆದುಕೊಳ್ಳುವುದು, 'ಎರಡು' ಕೇಳಿದಾಗ ಆ ಉಸಿರಿನ ಬಲದಲ್ಲಿ ಭುಜ ಎತ್ತುವುದು, ಎದ್ದು ಬಂಡೆಯನ್ನು ಕೆಡವಿ ಗೆಲ್ಲುವುದು. ಇಪ್ಪತ್ತು ಸಲ ಅಭ್ಯಾಸ ಮಾಡಿದ್ದರು. ಫೋನಿನ ಕ್ಯಾಮೆರಾ ಓಡತೊಡಗಿತು. ಬಂಡೆ ಬಿದ್ದ. ಮೇಷ್ಟ್ರು ಮಂಡಿಯೂರಿ, ಎರಡೂ ಭುಜ ಬಗ್ಗಿ ನೋಡಿ, ಹಾಸಿಗೆಯ ಮೇಲೆ ಅಂಗೈ ಬಡಿದರು.

"ಲಾಭ!"

ಮುದುಕರು ಏನೋ ಹರಸುತ್ತಿದ್ದಾರೆ ಎಂದುಕೊಂಡ ನವಿಲು 'ಒಂದು' ಬರಲಿ ಎಂದು ಕಾಯುತ್ತ ಮಲಗಿದ.

"ಎರಡು!"

ಒಂದು ಎಲ್ಲಿ ಹೋಯಿತು? ನವಿಲು ಕಣ್ಣು ಬಿಟ್ಟು ಹುಡುಕಿದ. ಎಳೆದುಕೊಳ್ಳದ ಉಸಿರಿನಲ್ಲಿ ನೂರಾ ಹತ್ತು ಕಿಲೋ ಅಲುಗುತ್ತದೆಯೇ?

"ಮೂರು! ಮುಗೀತು. ಏಳಪ್ಪಾ, ಇವನೇ ಗೆದ್ದ."

 ಬಂಡೆ ಎದ್ದು ಕೂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಅಯ್ಯಯ್ಯೋ ಅಕ್ಕಾ, ನಾನ್ಯಾಕೆ ಗೆದ್ದೆ?" ಎಂದು ಅಳುವ ದನಿಯಲ್ಲಿ ಕೂಗಿದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ನವಿಲು "ಒಂದು ಹೇಳ್ಲೇ ಇಲ್ಲ, ಒಂದು ಹೇಳ್ಲೇ ಇಲ್ಲ" ಎಂದು ಅಖಾಡವನ್ನು ಸುತ್ತಿದ.

ಮಗಳು ಅಪ್ಪನ ಕೈ ಹಿಡಿದುಕೊಂಡಳು. "ಅಪ್ಪಾ, ಇನ್ನೊಂದ್ಸಲ ಎಣಿಸೋಣ. ಅವನೇ ಗೆಲ್ಲಬೇಕಿತ್ತು."

"ಭುಜ ಕೆಳಗಿತ್ತು."

"ಕೆಳಗಿತ್ತು, ಆದ್ರೆ ಇದು ಆಟ ಅಪ್ಪಾ. ಮೊದಲೇ ಮಾತಾಡಿಕೊಂಡಿರೋದು."

ಮೇಷ್ಟ್ರು ಬಾಗಿಲ ಕಡೆ ತಿರುಗಿ ನೋಡಿದರು. ಇದೇ ಗೋದಾಮು, ಇದೇ ಬಾಗಿಲು. "ನೋಡು ಪುಟ್ಟಿ," ಎಂದರು. "ನೀವು ಏನಾದ್ರೂ ಮಾತಾಡಿಕೊಳ್ಳಿ, ಯಾರನ್ನಾದ್ರೂ ಗೆಲ್ಲಿಸಿ, ನನಗೇನು. ನಿಮ್ಮ ಸುಳ್ಳು ನಿಮಗಿರಲಿ. ಈ ಬಾಗಿಲೊಳಗೆ ನಾನು ಕಂಡದ್ದನ್ನ ಬಿಟ್ಟು ಬೇರೆ ಎಣಿಸಿಲ್ಲ. ಭುಜ ಎದ್ರೆ ಎರಡಕ್ಕೆ ನಿಲ್ಲಿಸ್ತೀನಿ. ಏಳದಿದ್ರೆ ಮೂರು."

ಅಂದು ಆದದ್ದನ್ನು ಹಾಗೇ ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ಬೇರೆ ಚಿತ್ರೀಕರಣವೇ ಇರಲಿಲ್ಲ. ಮೊದಲ ಎರಡು ದಿನ ಜನ ಅರವತ್ತಮೂರು ಸಲ ನೋಡಿದರು, ಅದರಲ್ಲಿ ಹನ್ನೊಂದು ಸಲ ಮೇಷ್ಟ್ರ ಹೆಂಡತಿಯೇ. ಮೂರನೇ ದಿನ ಯಾರೋ ಆ 'ಲಾಭ'ದಿಂದ 'ನಾನ್ಯಾಕೆ ಗೆದ್ದೆ'ವರೆಗಿನ ತುಣುಕನ್ನು ಕತ್ತರಿಸಿ ಹಂಚಿದರು. ಅದು ಫೋನಿಂದ ಫೋನಿಗೆ ಹಾರಿತು. ವಾರದ ಕೊನೆಗೆ ನವಿಲಿನ ಅಂಗಡಿಯಲ್ಲಿ ಕುರ್ಚಿ ಏರಿದವರೆಲ್ಲ ಕತ್ತರಿ ಮುಟ್ಟುವ ಮೊದಲೇ "ಒಂದು ಹೇಳಿದ್ರಾ?" ಎಂದು ಕೇಳುತ್ತಿದ್ದರು.

ಮೇಷ್ಟ್ರ ಷರತ್ತಿನಿಂದ ಆಟದ ರೀತಿಯೇ ಬದಲಾಯಿತು. ಬೇರೆ ಕಡೆ ಭುಜ ಎತ್ತಿದಂತೆ ಮಾಡಿದರೆ ರೆಫ್ರಿ ಕಂಡಂತೆ ಮಾಡುತ್ತಾನೆ. ಇಲ್ಲಿ ಎತ್ತಲೇಬೇಕು, ಒಂದು ಬೆರಳಷ್ಟು ಗಾಳಿ ಆಡಬೇಕು, ಸಂಶಯ ಬಂದರೆ ಮೇಷ್ಟ್ರು ಕೆನ್ನೆ ಹಾಸಿಗೆಗೆ ಹಚ್ಚಿ ನೋಡುತ್ತಾರೆ. ಹೀಗಾಗಿ ವಾರಗಟ್ಟಲೆ ಹೆಣೆದ ಕಥೆ ಕೊನೆಯ ಗಳಿಗೆಯಲ್ಲಿ ಮಗುಚಿ ಬೀಳುವುದು, ಗೆಲ್ಲಬೇಕಾದವನು ಸೋತು, ಸೋಲಬೇಕಾದವನು ಕ್ಷಮೆ ಕೇಳುವುದು ನಡೆಯುತ್ತಲೇ ಇತ್ತು. ಮಗಳು ಮುಂದಿನ ವಾರದ ಕಥೆಯನ್ನು ಮತ್ತೆ ಮೊದಲಿಂದ ಬರೆಯುತ್ತಿದ್ದಳು. 'ಎಲ್ಲಾ ಸುಳ್ಳು ಅಂತ ಗೊತ್ತು, ಆದ್ರೆ ಆ ಮೂರು ಮಾತ್ರ ನಿಜ' ಎಂದು ನೋಡುಗರೊಬ್ಬರು ಬರೆದರು. ಅದನ್ನು ಮಗಳು ದೊಡ್ಡಕ್ಷರದಲ್ಲಿ ಗೋದಾಮಿನ ಗೋಡೆಗೆ ಬರೆಸಿದಳು.

ಮಾತಿನ ಕೆಲಸ ಹೆಂಡತಿಯ ಪಾಲಿಗೆ ಬಂತು. ಎರಡನೇ ವಾರ ಮೈಕು ಅವರ ಹತ್ತಿರ ಇತ್ತು, ಸುಮ್ಮನಿರಲಾರದೆ ಮಾತಾಡಿದರು, ಆಮೇಲೆ ಮೈಕು ಯಾರಿಗೂ ವಾಪಸು ಸಿಗಲಿಲ್ಲ. ಪಟ್ಟುಗಳ ಹೆಸರು ಅವರಿಗೆ ತಿಳಿಯದು. "ನೋಡಿ ನೋಡಿ, ಬಂಡೆ ಈಗ ಹಿಟ್ಟು ನಾದೋ ಪಟ್ಟು ಹಾಕಿದ! ನವಿಲು ಬಿಡ್ತಾನಾ? ಒದ್ದೆ ಬಟ್ಟೆ ಹಿಂಡೋ ಪಟ್ಟು! ಅಯ್ಯೋ ಹಾಗಲ್ಲ ಕಣೋ, ಇನ್ನೊಂದು ಸುತ್ತು ತಿರುವು, ನೀರು ಇನ್ನೂ ಇದೆ!" ಚಾಪೆ ಸುತ್ತುವ ಪಟ್ಟು, ಡಬ್ಬಿ ಮುಚ್ಚಳ ತೆಗೆಯುವ ಪಟ್ಟು, ಜೇಡ ಹೊಡೆಯುವ ಏಟು, ಎಲ್ಲ ಅವರದೇ. ಗಂಡನನ್ನೂ ಬಿಡುತ್ತಿರಲಿಲ್ಲ. "ನಮ್ಮ ಯಜಮಾನರು ಬಗ್ಗಿದರು. ಬಗ್ಗಿದ್ದು ಸರಿ, ಏಳೋದು ಯಾವಾಗಲೋ!"

ಹಳೆಯ ದಿಂಬಿನ ಪಟ್ಟೆಪಟ್ಟೆ ಗವುಸಿನಿಂದ ಗಂಡನಿಗೆ ರೆಫ್ರಿ ಅಂಗಿ ಹೊಲಿದವರೂ ಅವರೇ. ಗೆದ್ದವರಿಗೆ ಒಂದು ಬೆಲ್ಟು ಬೇಕಾಯಿತು. ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಕ್ಕಡಿಯ ಹಿತ್ತಾಳೆ ತಟ್ಟೆಯನ್ನು ಮೇಷ್ಟ್ರು ಉಜ್ಜಿ ಉಜ್ಜಿ ಹೊಳೆಯಿಸಿದರು, ಹೆಂಡತಿ ಅದನ್ನು ಸೂಟ್‌ಕೇಸಿನ ಪಟ್ಟಿಗೆ ಹೊಲಿದರು. ಅದಕ್ಕಾಗಿ ಬಂಡೆ ಮತ್ತು ನವಿಲು ವಾರವಾರವೂ ಹೊರಳಾಡಿದರು. ಬುಗುರಿಯ ಸೊಂಟಕ್ಕೆ ಮಾತ್ರ ಅದು ಒಮ್ಮೆಯೂ ಬರಲಿಲ್ಲ. "ಕಥೆ ಬರೆಯೋಳೇ ಗೆದ್ದುಬಿಟ್ರೆ ಚೆನ್ನಾಗಿರಲ್ಲ," ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ಕಣ್ಣು ಆ ತಟ್ಟೆಯ ಮೇಲೇ ಇರುತ್ತಿತ್ತು ಎಂಬುದನ್ನು ಅಪ್ಪ ಕಂಡಿದ್ದರು.

ಆ ಎರಡು ವರ್ಷ ಮೇಷ್ಟ್ರು ಮತ್ತೆ ಮನುಷ್ಯರಾದರು. ಊಟ ಪೂರ್ತಿಯಾಯಿತು. ಬೀದಿಯಲ್ಲಿ ಹೋದರೆ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ "ಲಾಭ ಮೇಷ್ಟ್ರೇ!" ಎನ್ನುತ್ತಿದ್ದ, ಇವರು ಗಂಭೀರವಾಗಿ "ಎರಡು" ಎಂದು ಕೈಯೆತ್ತುತ್ತಿದ್ದರು. ಮಗಳು ಓದಿದ ಶಾಲೆಯಿಂದಲೇ ಒಂದು ದೂರಿನ ಪತ್ರ ಬಂತು: ಒಂದನೇ ತರಗತಿಯ ಮಕ್ಕಳೆಲ್ಲ ಲಾಭ ಎಂದು ಎಣಿಸುತ್ತಿದ್ದಾರೆ, ದಯವಿಟ್ಟು ಏನಾದರೂ ಮಾಡಿ. ಮಗಳು ಅದಕ್ಕೆ ಗಾಜು ಹಾಕಿಸಿ ಮನೆಯಲ್ಲಿ ಗಡಿಯಾರದ ಪಕ್ಕ ತೂಗುಹಾಕಿದಳು.

"ಮೂರು ಲಕ್ಷ ಜನ ನೋಡಿದ್ದಾರೆ ಅಪ್ಪಾ," ಎಂದಳು ಒಂದು ದಿನ.

"ಯಾರು ಎಣಿಸಿದ್ದು?"

"ಯಾರು ಅಂದ್ರೆ, ಅದೇ ಎಣಿಸಿಕೊಳ್ಳುತ್ತೆ."

"ಹಾಗಾದ್ರೆ ಬಿಡು," ಎಂದು ಮೇಷ್ಟ್ರು ಪೇಪರು ತಿರುವಿದರು.

ಮೇಲೇರಿದ್ದು ಅಲ್ಲೇ ನಿಲ್ಲುವುದಿಲ್ಲ, ಇದೂ ನಿಲ್ಲಲಿಲ್ಲ. ಎರಡನೇ ವರ್ಷದ ನಡುವಿಗೆ ಒಂದು ದೊಡ್ಡ ಕಂಪನಿಯವರು ಬಂದರು. ಆಟವನ್ನು ತಾವೇ ನಡೆಸುತ್ತೇವೆ, ದೊಡ್ಡ ಸ್ಟುಡಿಯೋ, ದೊಡ್ಡ ದೀಪ. ಒಂದೇ ಮಾತು, ರೆಫ್ರಿಯ ಕಿವಿಯಲ್ಲಿ ಒಂದು ಯಂತ್ರ ಇರುತ್ತದೆ, ಅದು ಹೇಳಿದಂತೆ ಎಣಿಸಬೇಕು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮಗಳು "ಆಗಲ್ಲ" ಎಂದಳು. ಇನ್ನೇನೂ ವಿವರಿಸಲಿಲ್ಲ. ನವಿಲು ಮಾತ್ರ ಹೋದ. ಹೋಗುವ ದಿನ ಮೇಷ್ಟ್ರ ತಲೆಗೂದಲು ಕತ್ತರಿಸಿ, ಕಣ್ಣೊರೆಸಿಕೊಂಡು ಹೋದ. ಅವನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಮೇಷ್ಟ್ರ ಹೆಂಡತಿ ಮಾತ್ರ ಒಂದು ವಾರ ಸಿಟ್ಟಾಗಿದ್ದರು, ಆಮೇಲೆ ಬಿಟ್ಟರು. ಬೇರೆ ಬೇರೆಯವರು ಇಂಥದೇ ಆಟ ಶುರುಮಾಡಿ, ಅರ್ಥವಿಲ್ಲದೆ 'ಲಾಭ ಲಾಭ' ಎಂದು ಅರಚತೊಡಗಿದರು. ಬಂಡೆಗೆ ಅವಳಿ ಮಕ್ಕಳಾದವು. ಅವನು ಅಖಾಡದಲ್ಲಿ ಬಿದ್ದರೆ ಅಲ್ಲೇ ನಿದ್ದೆ ಹೋಗುತ್ತಿದ್ದ. ನೋಡುಗರು ಲಕ್ಷದಿಂದ ಸಾವಿರಕ್ಕೆ ಇಳಿದರು. ಕೊನೆಗೆ ಮಾಲೀಕನಿಂದ ಫೋನು ಬಂತು: ಗೋದಾಮು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟುತ್ತಾರಂತೆ, ಇಂಥ ಸೋಮವಾರ ಯಂತ್ರಗಳು ಬರುತ್ತವೆ.

"ಹಾಗಾದ್ರೆ ಅದರ ಹಿಂದಿನ ಭಾನುವಾರ ಕೊನೇ ಆಟ," ಎಂದಳು ಮಗಳು. ಆಮೇಲೆ, ಸಣ್ಣ ಹುಡುಗಿಯಂತೆ, ಉಗುರು ನೋಡಿಕೊಳ್ಳುತ್ತ: "ಅಪ್ಪಾ, ಈ ಒಂದ್ಸಲ ನಾನು ಗೆಲ್ತೀನಿ. ಬಂಡೆ ನನ್ನನ್ನ ಕೆಡವ್ತಾನೆ, ಎರಡಕ್ಕೆ ಭುಜ ಎತ್ತಿ ಏಳ್ತೀನಿ, ಅವನನ್ನ ತಿರುಗಿಸಿ ಹಾಕಿ ಬೆಲ್ಟು ಕಟ್ಕೋತೀನಿ. ಒಂದೇ ಒಂದ್ಸಲ."

"ಕಟ್ಕೋ ಪುಟ್ಟಿ," ಎಂದರು ಮೇಷ್ಟ್ರು. 

ಆ ಭಾನುವಾರಕ್ಕೆ ಹತ್ತು ದಿನವಿರುವಾಗ ಮಗಳು ಯಾರದೋ ಮನೆಯ ಮೆಟ್ಟಿಲಲ್ಲಿ ಫ್ರಿಜ್ಜು ಇಳಿಸುವಾಗ ಕಾಲು ಜಾರಿದಳು. ಫ್ರಿಜ್ಜನ್ನು ಬಿಡಲಿಲ್ಲ, ಎಡ ಭುಜ ಅದರ ಭಾರವನ್ನೆಲ್ಲ ತಿಂದಿತು. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಆದರೆ ಅವಳು ಜಡೆ ಹಾಕಿಕೊಳ್ಳುವುದನ್ನು ಬಿಟ್ಟು ಒಂದೇ ಕೈಯಲ್ಲಿ ಕೂದಲು ಗಂಟುಹಾಕುತ್ತಿದ್ದುದನ್ನು ಮೇಷ್ಟ್ರು ಮೂರು ಬೆಳಗ್ಗೆ ಎಣಿಸಿದರು.

"ಎಡಗೈ ಎತ್ತು, ನೋಡೋಣ."

ಅವಳು ಎತ್ತಿದಳು. ಅರ್ಧಕ್ಕೆ ಮುಖ ಸಿಂಡರಿಸಿಕೊಂಡಳು. "ಅಮ್ಮಂಗೆ ಹೇಳ್ಬೇಡಿ. ಅಷ್ಟರಲ್ಲಿ ಸರಿಹೋಗುತ್ತೆ."

"ಕಥೆ ಬದಲಾಯಿಸು. ಬಂಡೆ ನಿನ್ನನ್ನ ಕೆಡವೋದೇ ಬೇಡ. ನೇರ ಗೆದ್ದುಬಿಡು."

"ಬೀಳದೆ ಗೆದ್ರೆ ಅದೇನು ಗೆಲುವು ಅಪ್ಪಾ? ಒಂದು ಬೆರಳಷ್ಟು ಎತ್ತಿದ್ರೆ ಸಾಕಲ್ಲ, ನಿಮ್ಮದೇ ಲೆಕ್ಕ."

ಮೇಷ್ಟ್ರಿಗೆ ಅಂದಿನಿಂದ ಒಂದು ಯೋಚನೆ ಹೊಕ್ಕಿತು, ನಾಚಿಕೆಗೇಡಿನ ಯೋಚನೆ. ಎರಡಕ್ಕೂ ಮೂರಕ್ಕೂ ನಡುವೆ ಸ್ವಲ್ಪ ಹೊತ್ತು ಹೆಚ್ಚು ತೆಗೆದುಕೊಂಡರೆ? ಯಾರಿಗೆ ತಿಳಿಯುತ್ತದೆ? ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಗೋಡೆ ತಟ್ಟುತ್ತ, ನಿಧಾನವಾಗಿ ಎಣಿಸಿ ನೋಡಿದರು. ಲಾಭ... ಎರಡು... ಮೂರು. ಮೂವತ್ನಾಲ್ಕು ವರ್ಷ ಅಲುಗದ ನಾಲಿಗೆ ತೊದಲಿತು. "ಒಳಗೇನು ಬಟ್ಟೆ ಎಣಿಸ್ತಿದ್ದೀರಾ?" ಎಂದು ಹೆಂಡತಿ ಹೊರಗಿನಿಂದ ಕೇಳಿದ ಮೇಲೆ ನಿಲ್ಲಿಸಿದರು.

ಕೊನೆಯ ಭಾನುವಾರ ಗೋದಾಮು ತುಂಬಿತ್ತು. ಹಳೆಯ ಹಮಾಲರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ದೂರದಿಂದ ನವಿಲೂ ಬಂದು ಹಿಂದಿನ ಸಾಲಿನಲ್ಲಿ ಟೊಪ್ಪಿ ಹಾಕಿಕೊಂಡು ಕೂತಿದ್ದ. ಟೊಪ್ಪಿಯ ಅಂಚಿನಲ್ಲಿ ನೀಲಿ ಕೂದಲು ಇಣುಕುತ್ತಿತ್ತು. ಹೆಂಡತಿಯ ಮೈಕು ಹತ್ತು ನಿಮಿಷ ಮೊದಲೇ ಶುರುವಾಗಿತ್ತು. ಬಂಡೆ ಘರ್ಜಿಸಿದ, ಬುಗುರಿ ತೊಡೆ ತಟ್ಟಿದಳು, ಇಬ್ಬರೂ ಅಖಾಡವನ್ನು ಎರಡು ಸಲ ಅಳೆದು ಭೇಷಾಗಿ ಹೊರಳಾಡಿದರು. "ಚಾಪೆ ಸುತ್ತಿದಳು! ಬಿಚ್ಚಿದ! ಮತ್ತೆ ಸುತ್ತಿದಳು!" ಜನ ಕುರ್ಚಿ ಬಿಟ್ಟು ಎದ್ದರು. ನಿಶ್ಚಯವಾದಂತೆ ಬಂಡೆ ಅವಳನ್ನು ಎತ್ತಿ, ಆದಷ್ಟು ಮೆತ್ತಗೆ ಮಲಗಿಸಿ, ಮೇಲೆ ಬಿದ್ದ.

ಮೇಷ್ಟ್ರು ಮಂಡಿಯೂರಿದರು. ಬಲ ಭುಜ ಕೆಳಗೆ. ಎಡ ಭುಜ ಕೆಳಗೆ.

"ಲಾಭ!" ಗೋದಾಮು ಪೂರ್ತಿ ಅವರ ಜೊತೆ ಕೂಗಿತು.

"ಎರಡು!"

ಈಗ ಏಳಬೇಕು. ಎಡ ಭುಜ ನಡುಗಿತು, ಏಳಲಿಲ್ಲ. ಬಲ ಭುಜದ ಮೇಲೆ ಬಂಡೆಯ ಎದೆ ಇತ್ತು. ಬಂಡೆಗೆ ಗೊತ್ತಾಯಿತು, "ಅಕ್ಕಾ, ಏಳಿ, ಏಳಿ" ಎಂದು ಪಿಸುಗುಟ್ಟುತ್ತ ತಾನೇ ಪಕ್ಕಕ್ಕೆ ಹೊರಳಲು ಹೊರಟ. ಆದರೆ ಅಷ್ಟು ಮೈ ಬೀಳುವುದು ಬೇಗ, ಏಳುವುದಕ್ಕೆ ಹೊತ್ತು ಬೇಕು.

ಮೇಷ್ಟ್ರ ಕೈ ಮೇಲಕ್ಕೆ ಹೋದದ್ದು ಅಲ್ಲೇ ನಿಂತಿತು.

ಬಚ್ಚಲುಮನೆಯಲ್ಲಿ ಮಾಡಿದ ಅಭ್ಯಾಸವಲ್ಲ ಇದು. ಕೈ ತಾನಾಗಿ ನಿಂತಿತು, ಇಳಿಯಲೊಲ್ಲದು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಹೆಂಡತಿಯ ಮೈಕಿನಲ್ಲಿ ಮಾತಿರಲಿಲ್ಲ. ಜನ ಆ ಕೈಯನ್ನೇ ನೋಡುತ್ತಿದ್ದರು.

"ಭುಜ ಎತ್ತು ಪುಟ್ಟಿ," ಎಂದರು ಮೇಷ್ಟ್ರು, ತುಟಿ ಅಲುಗದಂತೆ.

"ಆಗ್ತಿಲ್ಲ ಅಪ್ಪಾ."

"ಒಂದು ಬೆರಳು. ಅರ್ಧ ಬೆರಳು."

ಬಂಡೆ ಇನ್ನೇನು ಹೊರಳಿಬಿಡುತ್ತಿದ್ದ. ಅವಳು ಸರಿಯಿದ್ದ ಕೈಯಿಂದ ಅವನ ಅಂಗಿಯನ್ನು ಹಿಡಿದು ಅಲ್ಲೇ ಇರಿಸಿಕೊಂಡಳು. ನೋವಿಗೆ ಕಣ್ಣಲ್ಲಿ ನೀರಿತ್ತು, ಆದರೂ ಅಪ್ಪನ ಮುಖ ನೋಡಿ ನಕ್ಕಳು.

"ಕೆಳಗಿದೆ ಅಪ್ಪಾ. ನಿಮಗೆ ಕಾಣ್ತಿದೆ. ಹೇಳಿ."

"ನಿನ್ನ ಬೆಲ್ಟು—"

"ಬೆಲ್ಟು ತಕ್ಕಡಿ ತಟ್ಟೆ. ನಿಮ್ಮ ಎಣಿಕೆ ತಪ್ಪಿದ್ರೆ ನಾವು ಇಲ್ಲಿ ಎರಡು ವರ್ಷ ಏನು ಮಾಡಿದ ಹಾಗಾಯ್ತು? ಹೇಳಿ ಅಪ್ಪಾ."

ಮೇಷ್ಟ್ರು ಕೈ ಇಳಿಸಿದರು. "ಮೂರು," ಎಂದರು. ಅದು ಗೋದಾಮಿನ ಬಾಗಿಲಲ್ಲಿ ಕೂಗುವ ದನಿ ಅಲ್ಲ, ಮನೆಯ ದನಿ. ಆದರೂ ಎಲ್ಲರಿಗೂ ಕೇಳಿಸಿತು.

ಆಮೇಲಿನ ಗದ್ದಲ ಹೇಳತೀರದು. ಬಂಡೆ ಎದ್ದು ಕೂತವನೇ ಎರಡೂ ಕೈ ತಲೆಯ ಮೇಲಿಟ್ಟು, "ಅಯ್ಯಯ್ಯೋ ಅಕ್ಕಾ, ನಾನ್ಯಾಕೆ ಗೆದ್ದೆ?" ಎಂದು ಅತ್ತ. ಅದು ನಿಜವಾದ ಅಳು ಎಂದು ಯಾರಿಗೂ ತಿಳಿಯಲಿಲ್ಲ, ಗೋದಾಮು ಸೂರು ಹಾರುವಂತೆ ನಕ್ಕಿತು. ಹೆಂಡತಿ ಮೈಕು ಎಸೆದು ಅಖಾಡಕ್ಕೆ ನುಗ್ಗಿ, ಮಗಳ ಭುಜ ಮುಟ್ಟಿ ನೋಡಿ, ಗಂಡನನ್ನೂ ಮಗಳನ್ನೂ ಒಟ್ಟಿಗೆ ಬೈದರು. ಬಂಡೆ ಬೆಲ್ಟನ್ನು ಅಕ್ಕನ ಸೊಂಟಕ್ಕೆ ಸುತ್ತಲು ಬಂದ. "ಎಣಿಕೆ ಆಗಿದೆ, ತಗೊಂಡು ಹೋಗೋ," ಎಂದು ಅವಳು ಗದರಿದಳು. ಮೇಷ್ಟ್ರು ಬೀಗದ ಕೈಯನ್ನು ಜೇಬಿನಿಂದ ತೆಗೆದು ಬಾಗಿಲಲ್ಲೇ ಬಿಟ್ಟು ಬಂದರು. ಸೋಮವಾರ ಯಂತ್ರಗಳು ಬಂದವು. ಅವರು ನೋಡಲು ಹೋಗಲಿಲ್ಲ.

ಭುಜಕ್ಕೆ ನಾಲ್ಕು ತಿಂಗಳು ಹಿಡಿಯಿತು. ದಿನಾ ಬೆಳಗ್ಗೆ ಹಜಾರದ ನೆಲದ ಮೇಲೆ, ಅಖಾಡದಿಂದ ಉಳಿಸಿ ತಂದ ಒಂದು ಹಾಸಿಗೆಯಲ್ಲಿ ಮಗಳು ಅಂಗಾತ ಮಲಗಿ ವೈದ್ಯರು ಹೇಳಿದ ವ್ಯಾಯಾಮ ಮಾಡಬೇಕು, ಮೇಷ್ಟ್ರು ಪಕ್ಕದಲ್ಲಿ ಕೂತು ಎಣಿಸಬೇಕು. ಲಾಭ, ಎರಡು, ಮೂರು, ಹತ್ತರವರೆಗೆ. ಅವಳು ಅರ್ಧಂಬರ್ಧ ಎತ್ತಿ ಮೋಸಮಾಡಿದರೆ, "ಅದು ಲೆಕ್ಕಕ್ಕಿಲ್ಲ, ಮತ್ತೆ" ಎನ್ನುತ್ತಿದ್ದರು. ಮೊದಮೊದಲು ಭುಜ ನೆಲ ಬಿಡುತ್ತಲೇ ಇರಲಿಲ್ಲ. ಆಗ ಮೇಷ್ಟ್ರು ಗಂಟೆಗಟ್ಟಲೆ ಲಾಭವೇ ಬರದೆ ಕೂತಿರುತ್ತಿದ್ದರು. ಊಟ ಮಾತ್ರ ಅರ್ಧ ಮಾಡಲಿಲ್ಲ. ಎದುರಿಗೆ ಎಣಿಸಬೇಕಾದ ಕೆಲಸವಿತ್ತು.

ಒಂದು ಬೆಳಗ್ಗೆ ಬಂಡೆ ಬಂದ, ಕಂಕುಳಲ್ಲಿ ಬ್ರೆಡ್ಡಿನ ಕಾಗದದಲ್ಲಿ ಸುತ್ತಿದ ಬೆಲ್ಟು. ಬೇಕರಿಯ ಒಲೆಯ ಪಕ್ಕ ತೂಗುಹಾಕಿದ್ದನಂತೆ, ಹಿತ್ತಾಳೆಯ ಮೇಲೆಲ್ಲ ಹಿಟ್ಟು. "ಇದನ್ನ ನೋಡ್ತಾ ನಿಂತು ದಿನಾ ಬ್ರೆಡ್ಡು ಸೀಯಿಸ್ತಿದ್ದೀನಿ ಅಕ್ಕಾ. ಇಟ್ಕೊಳ್ಳಿ."

"ಪುಕ್ಕಟೆ ಕೊಟ್ರೆ ಬೇಡ," ಎಂದಳು ಮಗಳು, ಹಾಸಿಗೆಯ ಮೇಲೆ ಮಲಗಿದಲ್ಲಿಂದಲೇ. "ಬೀಳು ಮೇಲೆ."

"ಅಕ್ಕಾ, ಡಾಕ್ಟರು—"

"ಬೀಳೋ ಅಂದ್ರೆ!"

ಬಂಡೆ ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಮಗಳ ಮುಖ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ದಿಂಬಿನ ಗವುಸಿನ ಅಂಗಿ ಹಾಕಿಕೊಂಡು ಬಂದರು. ಬಂಡೆ ನೂರಾ ಹತ್ತು ಕಿಲೋವನ್ನು ಕಾಗದದ ಹಾಳೆಯಂತೆ ಮೆಲ್ಲಗೆ ಅವಳ ಮೇಲೆ ಇರಿಸಿದ. ಅಡುಗೆಮನೆಯಿಂದ ಹೆಂಡತಿ, "ಹಿಟ್ಟು ನಾದೋ ಪಟ್ಟು! ಬಂಡೆ ಮತ್ತೆ ಬಂದ! ಇವನಿಗೆ ಮನೆಯಲ್ಲಿ ಕೆಲಸ ಇಲ್ವಾ?" ಎಂದು ಶುರುಮಾಡಿಯೇಬಿಟ್ಟರು. ಮೇಷ್ಟ್ರು ಮಂಡಿಯೂರಿ, ಕೆನ್ನೆ ನೆಲಕ್ಕೆ ಹಚ್ಚಿ, ಬಲ ಭುಜ ನೋಡಿದರು, ಎಡ ಭುಜ ನೋಡಿದರು. ಎರಡೂ ಕೆಳಗಿದ್ದವು. ನಿಧಾನವನ್ನೂ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ.

"ಲಾಭ!"

"ಎರಡು!"

ಅವರ ಕೈ ಮೂರನೇ ಸಲ ಮೇಲಕ್ಕೆ ಹೋಯಿತು, ಕೆಳಗಿಳಿಯತೊಡಗಿತು, ಹಾಸಿಗೆಗೆ ಒಂದು ಗೇಣು ಇರುವಾಗ ಎಡ ಭುಜ ಎದ್ದಿತು. ಒಂದು ಬೆರಳಲ್ಲ, ನಾಲ್ಕು ಬೆರಳು. ಬಂಡೆ ಪಕ್ಕಕ್ಕೆ ಉರುಳಿ ಗಡಿಯಾರದ ಕೆಳಗಿನ ಗೋಡೆಗೆ ಹೋಗಿ ಬಡಿದ.

"ಎಷ್ಟಾಯ್ತು ಅಪ್ಪಾ?" ಎಂದಳು ಮಗಳು, ಏದುಸಿರು ಬಿಡುತ್ತ.

ಮೇಷ್ಟ್ರ ಕೈ ಇನ್ನೂ ಗಾಳಿಯಲ್ಲೇ ಇತ್ತು. ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ, ಆದರೆ ಕಾಣಬೇಕಾದದ್ದನ್ನು ಆಗಲೇ ಕಂಡಿದ್ದರು.

"ಏನ್ರೀ, ಎಷ್ಟು?" ಎಂದು ಅಡುಗೆಮನೆಯಿಂದಲೂ ಕೂಗು ಬಂತು. "ಇಲ್ಲಿ ನಲ್ಲಿ ಸದ್ದಿಗೆ ಕೇಳಿಸ್ಲಿಲ್ಲ, ಗಟ್ಟಿಯಾಗಿ ಹೇಳಿ!"

"ಎರಡೇ!" ಎಂದು ಮೇಷ್ಟ್ರು ಲಾರಿಯವನಿಗೂ ಮಾಲೀಕನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದರು.